ಮುಟ್ಟಿದ ಕೈ

ನಮ್ಮಪ್ಪನ ಕೈಯನ್ನು ಊರೊಳಗಿನವರು ಯಾರೂ ಮುಟ್ಟಿದ್ದನ್ನು ನಾನು ನೋಡಿದವನಲ್ಲ. ಕೂಲಿಯ ದುಡ್ಡನ್ನು ಜಗಲಿಯ ಅಂಚಿಗಿಟ್ಟು ಹಿಂದೆ ಸರಿಯುತ್ತಿದ್ದರು, ಅಪ್ಪ ಮುಂದೆ ಹೋಗಿ ಎತ್ತಿಕೊಳ್ಳುತ್ತಿದ್ದ. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಊರಲ್ಲಿ ಸಾವಾದರೆ ಮಾತ್ರ ಅದೇ ಕೈ ಬೇಕಾಗುತ್ತಿತ್ತು. ನೆಂಟರಿಗೆ ಸುದ್ದಿ ಮುಟ್ಟಿಸಲು, ತಮಟೆ ಬಡಿಯಲು, ಗುಂಡಿ ತೋಡಲು. ಇದು ನಿಮಗ್ಯಾರಿಗೂ ಹೊಸದಲ್ಲ. ಆದರೂ ಇದನ್ನೇ ಮೊದಲು ಹೇಳಬೇಕಾಯಿತು. ಯಾಕೆಂದರೆ ನಾನು ಈಗ ಹೇಳಹೊರಟಿರುವುದು ಆಫ್ರಿಕದ ಪಶ್ಚಿಮ ಕಡಲ ದಂಡೆಯಲ್ಲಿರುವ ಲೈಬೀರಿಯ ಎಂಬ ದೇಶದ ಮಾತು. ಅಲ್ಲಿ ನನ್ನ ಕೈ ಹಿಡಿದವರ ಮಾತು, ಮತ್ತು ಅಲ್ಲಿ ನಾನು ಹಿಡಿಯದೆ ಬಿಟ್ಟ ಒಂದು ಕೈಯ ಮಾತು.

ಸರ್ಕಾರಿ ಹಾಸ್ಟೆಲಿನಲ್ಲಿ ಉಂಡು ಬಿ.ಕಾಂ. ಮುಗಿಸಿದವನು ನಾನು. 2011ರಲ್ಲಿ ಆ ದೇಶದ ರಾಜಧಾನಿ ಮನ್ರೋವಿಯಕ್ಕೆ ಲೆಕ್ಕ ಬರೆಯುವ ಕೆಲಸಕ್ಕೆ ಹೋದೆ. ನಮ್ಮ ದೇಶದವರೊಬ್ಬರು ಅಲ್ಲಿ ನಡೆಸುತ್ತಿದ್ದ ಕಬ್ಬಿಣ ಸಿಮೆಂಟಿನ ಅಂಗಡಿ ಅದು. ಮೊದಲ ದಿನ ಸಂಜೆ ರಾತ್ರಿ ಕಾವಲಿನ ಮುದುಕ ಬಂದು ಕೈ ಚಾಚಿದ. ಹಿಡಿದು ಬಿಡಿಸಿಕೊಳ್ಳಲು ಹೋದರೆ ನನ್ನ ನಡುಬೆರಳನ್ನು ತನ್ನ ಬೆರಳಲ್ಲಿ ಸಿಕ್ಕಿಸಿಕೊಂಡು ಟಕ್ಕನೆ ಚಿಟಿಕೆ ಹೊಡೆದ. ನನಗೆ ಬರಲಿಲ್ಲ. ಮತ್ತೆ ಹಿಡಿದ, ಮತ್ತೆ ಬರಲಿಲ್ಲ. ಮೂರನೆಯ ಸಲ ಸದ್ದು ಬಂತು. ಮುದುಕ ಹಲ್ಲು ಬಿಟ್ಟು ನಕ್ಕ. ಲೈಬೀರಿಯದಲ್ಲಿ ಕೈ ಕುಲುಕುವುದು ಹೀಗೆ. ಮಂತ್ರಿಯೂ ಹೀಗೇ, ಮೀನು ಮಾರುವವನೂ ಹೀಗೇ. ಗುಲಾಮಗಿರಿಯ ಕಾಲದಲ್ಲಿ ಧಣಿಗಳು ಗುಲಾಮರ ಬೆರಳು ಮುರಿಯುತ್ತಿದ್ದರಂತೆ. 'ನಮ್ಮ ಬೆರಳು ಈಗ ನೆಟ್ಟಗಿದೆ, ನಾವು ಸ್ವತಂತ್ರರು' ಎಂದು ಒಬ್ಬರಿಗೊಬ್ಬರು ಸಾರಿಕೊಳ್ಳುವುದೇ ಈ ಚಿಟಿಕೆ ಎಂದು ಅಲ್ಲಿ ಹೇಳುತ್ತಾರೆ. ಆ ರಾತ್ರಿ ನಾನು ಬಹಳ ಹೊತ್ತು ಅಂಗೈ ನೋಡಿಕೊಂಡು ಕೂತಿದ್ದೆ. ಒಬ್ಬ ಹಿರಿಯ ನನ್ನ ಹೆಸರು ಕೇಳುವ ಮೊದಲು, ಊರು ಕೇರಿ ಕೇಳುವ ಮೊದಲು ನನ್ನ ಕೈ ಹಿಡಿದಿದ್ದ.

ಅಲ್ಲಿ ವಯಸ್ಸಾದ ಗಂಡಸನ್ನು 'ಓಲ್ಡ್ ಪಾ' ಅನ್ನುತ್ತಾರೆ, ಹೆಂಗಸನ್ನು 'ಓಲ್ಡ್ ಮಾ' ಅನ್ನುತ್ತಾರೆ. ಹೆಸರು ಹಿಡಿದು ಕರೆಯುವುದು ಮರ್ಯಾದೆಯಲ್ಲ. ಅವರ ಇಂಗ್ಲಿಷ್ ನನಗೆ ತಿಳಿಯಲು ಆರು ತಿಂಗಳು ಬೇಕಾಯಿತು. ಪದದ ಕೊನೆಯ ಅಕ್ಷರಗಳನ್ನೆಲ್ಲ ನುಂಗಿಬಿಡುತ್ತಾರೆ. ಮಾತಿನ ತುದಿಗೆ ನಮ್ಮ 'ಬಾರೋ, ಹೋಗೋ' ಹಾಗೆ ಒಂದು 'ಓ' ಸೇರಿಸುತ್ತಾರೆ. 'ಥ್ಯಾಂಕ್ಯೂ ಓ'. 'ಮೈ ಹೇಗಿದೆ?' ಎಂದು ಕೇಳಿದರೆ 'ಟ್ರೈಯಿಂಗ್ ಸ್ಮಾಲ್' ಅನ್ನುತ್ತಾರೆ, ಏನೋ ಕೊಂಚ ಹೆಣಗುತ್ತಿದ್ದೇನೆ ಎಂಬರ್ಥದಲ್ಲಿ. ಮೇಷ್ಟರುಗಳು ಇದನ್ನು ಕೆಟ್ಟ ಇಂಗ್ಲಿಷ್ ಅನ್ನಬಹುದು. ಹದಿನಾರು ಬುಡಕಟ್ಟುಗಳ ಜನ, ಕ್ಪೆಲೆ, ಬಾಸ್ಸ, ಕ್ರೂ, ಗ್ರೆಬೊ, ವಾಯ್, ಲೋಮ ಮುಂತಾದವರು, ಸಂತೆಯಲ್ಲಿ ಒಬ್ಬರಿಗೊಬ್ಬರು ಮಾತಾಡಲು ಕಟ್ಟಿಕೊಂಡ ನುಡಿ ಅದು. ಅದನ್ನವರು ಕೊಲೊಕ್ವ ಎಂದು ಕರೆಯುತ್ತಾರೆ.

ಓಲ್ಡ್ ಪಾಗೆ ಒಂದು ದೊಡ್ಡ ಮನೆತನದ ಇಂಗ್ಲಿಷ್ ಅಡ್ಡಹೆಸರಿತ್ತು. ಆದರೆ ಆತ ಒಳನಾಡಿನ ಕ್ಪೆಲೆ ಕುಲದವನು. ಇದು ಹೇಗೆ ಎಂದು ಕೇಳಿದೆ. 'ಏಳು ವರ್ಷದವನಿದ್ದಾಗ ಅಪ್ಪ ನನ್ನನ್ನು ಒಂದು ಕಾಂಗೊ ಮನೆಗೆ ಬಿಟ್ಟ. ನೀರು ಹೊತ್ತೆ, ಸೌದೆ ಒಡೆದೆ, ಅವರ ಮಕ್ಕಳ ಷೂ ಒರೆಸಿದೆ. ಅವರು ಇಸ್ಕೂಲಿಗೆ ಕಳಿಸಿದರು, ತಮ್ಮ ಹೆಸರು ಕೊಟ್ಟರು. ಹೆಸರು ಅವರದು, ಬೆನ್ನು ನನ್ನದು' ಅಂದ. ಇದು ಅವನೊಬ್ಬನ ಕಥೆಯಲ್ಲ. ಕರಾವಳಿಯ ಉಳ್ಳವರ ಮನೆಗಳು ಒಳನಾಡಿನ ಮಕ್ಕಳನ್ನು ಹೀಗೆ ಸಾಕಿಕೊಳ್ಳುವುದು ಬಹಳ ಹಿಂದಿನಿಂದ ಬಂದ ರೂಢಿ. ಜೀತಕ್ಕೂ ಅದಕ್ಕೂ ಎಷ್ಟು ದೂರ ಎಂಬುದನ್ನು ಜೀತದ ಮನೆಯಿಂದ ಬಂದ ಗೆಳೆಯರೇ ಅಳೆಯಲಿ.

ಕಾಂಗೊ ಅಂದರೆ ಯಾರು? ಇಲ್ಲಿ ಚರಿತ್ರೆ ಸ್ವಲ್ಪ ಹೇಳಲೇಬೇಕು. 1816ರಲ್ಲಿ ಅಮೆರಿಕದಲ್ಲಿ ಒಂದು ಸಂಘ ಹುಟ್ಟಿತು. ಬಿಡುಗಡೆಯಾದ ಕರಿಯರನ್ನು ಆಫ್ರಿಕಕ್ಕೆ ಸಾಗಿಸುವುದು ಅದರ ಕೆಲಸ. ಗುಲಾಮಗಿರಿ ಪಾಪ ಎಂದವರೂ ಅದರಲ್ಲಿದ್ದರು. ಬಿಡುಗಡೆಯಾದ ಕರಿಯ ಕಣ್ಣೆದುರು ಓಡಾಡಿಕೊಂಡಿದ್ದರೆ ನಮ್ಮ ಗುಲಾಮರೂ ಕೆಡುತ್ತಾರೆ ಎಂದು ಹೆದರಿದ ಧಣಿಗಳೂ ಇದ್ದರು. 1821ರ ಕೊನೆಗೆ ಆ ಸಂಘದವರು ಕಡಲ ದಂಡೆಯ ನೆಲವನ್ನು ಅಲ್ಲಿಯ ದೊರೆಗಳಿಂದ ಬಂದೂಕು, ಮದ್ದು, ಹೊಗೆಸೊಪ್ಪು, ರಮ್ಮು, ಮಣಿಸರ ಕೊಟ್ಟು ಬರೆಸಿಕೊಂಡರು. ದೊರೆಯ ಹಣೆಗೆ ಪಿಸ್ತೂಲಿಟ್ಟು ಬರೆಸಿಕೊಂಡರು ಎಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ. 1822ರಲ್ಲಿ ವಲಸಿಗರು ಬಂದು ಬೀಡುಬಿಟ್ಟರು. ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳನ್ನು ಅಮೆರಿಕದ ನೌಕಾಪಡೆ ನಡುಗಡಲಲ್ಲಿ ಹಿಡಿದು ಬಿಡಿಸಿದ ಜನರನ್ನೂ ಅಲ್ಲೇ ತಂದು ಇಳಿಸಿತು. ಇವರಿಗೆ ಕಾಂಗೊ ಎಂಬ ಹೆಸರು ಬಿತ್ತು. ಆಮೇಲೆ ವಲಸೆ ಬಂದವರಿಗೆಲ್ಲ ಅದೇ ಹೆಸರಾಯಿತು. 1847ರ ಜುಲೈ 26ರಂದು ಲೈಬೀರಿಯ ಗಣರಾಜ್ಯವಾಯಿತು. ಅದರ ಲಾಂಛನದಲ್ಲಿ ಒಂದು ಹಡಗು ಬರುತ್ತಿದೆ. ಅದರ ಮೇಲಿನ ಬರಹದ ಅರ್ಥ ಇದು: ಸ್ವಾತಂತ್ರ್ಯದ ಮೇಲಿನ ಪ್ರೀತಿ ನಮ್ಮನ್ನು ಇಲ್ಲಿಗೆ ಕರೆತಂದಿತು.

'ನಮ್ಮನ್ನು' ಅಂದರೆ ಯಾರನ್ನು? ಮೊದಲೇ ಇದ್ದವರನ್ನು ಯಾವ ಹಡಗೂ ಕರೆತರಲಿಲ್ಲ. ಅವರಿಗೆ 'ಕಂಟ್ರಿ' ಎಂದು ಹೆಸರಿಟ್ಟರು. ನಾವು 'ಹಳ್ಳಿ ಗಮಾರ' ಅಂದಾಗ ಇರುವ ಕೊಂಕೇ ಆ ಪದದಲ್ಲೂ ಇದೆ. ನೂರಕ್ಕೆ ಐವರಷ್ಟಿದ್ದ ವಲಸಿಗರು ಒಂದೇ ಪಕ್ಷ ಕಟ್ಟಿಕೊಂಡು 1878ರಿಂದ 1980ರವರೆಗೆ ಆಳಿದರು. ಕಂಟ್ರಿ ಜನ ಗುಡಿಸಲಿಗೆ ಕಂದಾಯ ಕಟ್ಟುತ್ತಿದ್ದರು. ಓಟು ಕಂಡದ್ದು 1940ರ ದಶಕದಲ್ಲಿ. 1926ರಲ್ಲಿ ಫೈರ್‌ಸ್ಟೋನ್ ಕಂಪನಿಗೆ ಹತ್ತು ಲಕ್ಷ ಎಕರೆಯವರೆಗೆ ನೆಲವನ್ನು ಎಕರೆಗೆ 6 ಸೆಂಟಿನಂತೆ 99 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಆ ನೆಲದಲ್ಲಿ ರಬ್ಬರ್ ಹಾಲು ಇಳಿಸಿ, ಅಡ್ಡೆಯ ಎರಡು ತುದಿಗೆ ಬಕೆಟ್ಟು ಕಟ್ಟಿಕೊಂಡು ಹೆಗಲ ಮೇಲೆ ಹೊತ್ತವರು ಕಂಟ್ರಿ ಜನ. ಒಳನಾಡಿನ ಗಂಡಾಳುಗಳನ್ನು ಬಲವಂತವಾಗಿ ಹಿಡಿದು ಫರ್ನಾಂಡೊ ಪೊ ಎಂಬ ಸ್ಪೇನಿನ ದ್ವೀಪದ ತೋಟಗಳಿಗೆ ಸಾಗಿಸುತ್ತಿದ್ದದ್ದನ್ನು 1930ರಲ್ಲಿ ಅಂತಾರಾಷ್ಟ್ರೀಯ ತನಿಖೆಯೊಂದು ಬಯಲಿಗೆಳೆಯಿತು. ಅಧ್ಯಕ್ಷ ಕಿಂಗ್ ಮತ್ತು ಉಪಾಧ್ಯಕ್ಷ ಯಾನ್ಸಿ ರಾಜೀನಾಮೆ ಕೊಡಬೇಕಾಯಿತು. ಗುಲಾಮರ ಮೊಮ್ಮಕ್ಕಳು ಆಳುವ ನಾಡಿನಲ್ಲಿ ಮನುಷ್ಯರನ್ನು ಹಡಗು ಹತ್ತಿಸಿದ ಕಥೆ ಇದು.

ಅವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನನಗೆ ಹಾಗೆ ಮಾಡಲು ಆಗುವುದಿಲ್ಲ. ಅಮೆರಿಕದ ತೋಟದಲ್ಲಿ ಬೆನ್ನು ಬಗ್ಗಿಸಿ ದುಡಿದವನಿಗೆ ಸ್ವತಂತ್ರ ಮನುಷ್ಯ ಅಂದರೆ ಗೊತ್ತಿದ್ದ ಚಿತ್ರ ಒಂದೇ, ಅದು ಧಣಿಯ ಚಿತ್ರ. ಹಾಗಾಗಿ ಬಂದವರು ಅದೇ ಕಂಬದ ಪಡಸಾಲೆಯ ಮನೆ ಕಟ್ಟಿದರು. ಬೇಯುವ ಬಿಸಿಲಿನಲ್ಲಿ ಅದೇ ಉದ್ದ ಕೋಟು, ಎತ್ತರದ ಟೋಪಿ ಹಾಕಿಕೊಂಡರು. ಅದೇ ಜಗಲಿಯ ಮೇಲೆ ಕೂತು ಇನ್ನೊಬ್ಬರಿಂದ ನೀರು ತರಿಸಿಕೊಂಡರು. ಗೆಳೆಯರೆ, ನಮ್ಮ ಕೇರಿಗಳಿಂದ ಓದಿ ಮೇಲೆ ಹೋದವರನ್ನು ಒಂದು ಸಲ ನೆನಪಿಸಿಕೊಳ್ಳಿ. ಆ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿ. ಯಾಕೆ ಎಂದು ಹೇಳುತ್ತೇನೆ.

ನಮ್ಮ ಅಂಗಡಿಯಲ್ಲಿ ಎರಡು ತರದ ಲೋಟಗಳಿದ್ದವು. ನಾವು ದೇಶದಿಂದ ಬಂದವರಿಗೆ ಸ್ಟೀಲಿನ ಲೋಟ. ಅಲ್ಲಿಯ ಕೆಲಸಗಾರರಿಗೆ ಹಿಂದಿನ ಬಾಗಿಲ ಬಳಿ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಮಗ್ಗುಗಳು. ಯಾರೂ ಅದಕ್ಕೊಂದು ಕಾನೂನು ಬರೆದಿರಲಿಲ್ಲ. ಮೊದಲ ದಿನವೇ ನನ್ನ ಕಣ್ಣಿಗೆ ಬಿತ್ತು. ನಮ್ಮೂರ ಹೋಟೆಲಿನ ಹಿಂಬದಿಯ ಗೂಟದಲ್ಲಿ ಇಂಥದೇ ಲೋಟ ಅಪ್ಪನಿಗಾಗಿ ನೇತಾಡುತ್ತಿತ್ತು. ಏಳು ಸಮುದ್ರ ದಾಟಿದರೂ ಅದು ನಮ್ಮ ಜೊತೆಗೇ ಬಂದಿತ್ತು. ಆದರೆ ಅಲ್ಲಿ ನನ್ನ ಜಾತಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನನ್ನನ್ನು 'ಬಾಸ್‌ಮನ್' ಅನ್ನುತ್ತಿದ್ದರು. ಬಾಯಿಬಿಟ್ಟರೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು ಹೆದರಿ ನಾನು ಐದು ವರ್ಷ ಸ್ಟೀಲಿನ ಲೋಟದಲ್ಲೇ ಕಾಫಿ ಕುಡಿದೆ. ಇದು ನನ್ನ ಮೊದಲ ತಪ್ಪು.

ಓಲ್ಡ್ ಪಾ ಮಾತ್ರ ನನ್ನನ್ನು ಮನೆಗೆ ಕರೆದು ಉಣ್ಣಿಸಿದ. ಅಲ್ಲಿ ಅನ್ನ ಉಣ್ಣದಿದ್ದರೆ ಊಟ ಮಾಡಿದ ಲೆಕ್ಕವಲ್ಲ. ಬೆಳಗಿನಿಂದ ರೊಟ್ಟಿ, ಬಾಳೆ, ಗೆಣಸು ಎಷ್ಟು ತಿಂದಿದ್ದರೂ 'ಇವತ್ತು ಏನೂ ತಿಂದಿಲ್ಲ' ಅನ್ನುತ್ತಾರೆ. ಅನ್ನದ ಮೇಲೆ ಮರಗೆಣಸಿನ ಎಲೆಯನ್ನು ಕುಟ್ಟಿ ಬೇಯಿಸಿದ ಸಾರು, ಇಲ್ಲವೇ ಸಿಹಿಗೆಣಸಿನ ಸೊಪ್ಪು, ಇಲ್ಲವೇ ತಾಳೆಹಣ್ಣು ಕುಟ್ಟಿ ಹಿಂಡಿದ ರಸದ ಸಾರು. ಎಲ್ಲದರಲ್ಲೂ ಕೆಂಪು ತಾಳೆ ಎಣ್ಣೆ, ಒಣಮೀನು, ಕಿವಿಯಲ್ಲಿ ಹೊಗೆ ಬರಿಸುವ ಮೆಣಸಿನಕಾಯಿ. ಹೆಚ್ಚಿನ ಅಕ್ಕಿ ಹೊರಗಿನಿಂದ ಬರುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ದೇಶದ ಕುಸುಬಲಕ್ಕಿಯ ಮೂಟೆಗಳೇ ಅಲ್ಲಿ ಜಾಸ್ತಿ. ಅಕ್ಕಿಯ ಬೆಲೆ ಏರಿದರೆ ಆ ದೇಶದಲ್ಲಿ ಸರ್ಕಾರ ನಡುಗುತ್ತದೆ. 1979ರ ಏಪ್ರಿಲ್ 14ರಂದು ನಡುಗಿತ್ತು. ನೂರು ಪೌಂಡಿನ ಮೂಟೆಯ ಬೆಲೆಯನ್ನು 22 ಡಾಲರಿನಿಂದ 26ಕ್ಕೆ ಏರಿಸಲು ಹೊರಟಾಗ ಜನ ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು, ಹತ್ತಾರು ಮಂದಿ ಸತ್ತರು. ಮರುವರ್ಷವೇ, 1980ರ ಏಪ್ರಿಲ್ 12ರಂದು, ಸ್ಯಾಮ್ಯುಯೆಲ್ ಡೋ ಎಂಬ ಸಾರ್ಜೆಂಟ್ ಅಧ್ಯಕ್ಷ ಟಾಲ್ಬರ್ಟ್‌ರನ್ನು ಕೊಂದು ಅಧಿಕಾರ ಹಿಡಿದ. ಹಳೆಯ ಸರ್ಕಾರದ 13 ಮಂದಿಯನ್ನು ಕಡಲ ದಂಡೆಯಲ್ಲಿ ಕಂಬಕ್ಕೆ ಕಟ್ಟಿ ಗುಂಡಿಕ್ಕಿದರು. ಕಂಟ್ರಿ ಜನ ಕುಣಿದಾಡಿದರಂತೆ. 'ನಾನೂ ಕುಣಿದೆ' ಅಂದ ಓಲ್ಡ್ ಪಾ. ಆಮೇಲೆ ಡೋ ತನ್ನ ಕ್ರಾನ್ ಕುಲದವರನ್ನು ಎತ್ತಿ ಉಳಿದವರನ್ನು ತುಳಿದ. ಕುರ್ಚಿಯಲ್ಲಿ ಕೂತವನು ಬದಲಾದ, ಕುರ್ಚಿಯ ಗುಣ ಬದಲಾಗಲಿಲ್ಲ. 1989ರ ಕ್ರಿಸ್‌ಮಸ್ ಹಿಂದಿನ ದಿನ ಶುರುವಾದ ಕಾಳಗ ನಡುವೆ ಒಮ್ಮೆ ನಿಂತು ಮತ್ತೆ ಹೊತ್ತಿ 2003ರವರೆಗೆ ಉರಿಯಿತು. ಸುಮಾರು ಎರಡೂವರೆ ಲಕ್ಷ ಜನ ಹೋದರು. ಓಲ್ಡ್ ಪಾನ ಇಬ್ಬರು ಗಂಡು ಮಕ್ಕಳೂ ಅದರಲ್ಲೇ ಹೋದರು.

ಆ ಕಾಳಗ ನಿಲ್ಲಲು ಜನರಲ್‌ಗಳಿಗಿಂತ ಮೀನು ಮಾರುವ ಹೆಂಗಸರ ಪಾಲು ದೊಡ್ಡದು. 2003ರಲ್ಲಿ ಬಿಳಿ ಬಟ್ಟೆ ಉಟ್ಟ ಸಾವಿರಾರು ಹೆಂಗಸರು, ಕ್ರೈಸ್ತರೂ ಮುಸ್ಲಿಮರೂ ಜೊತೆಯಾಗಿ, ಮನ್ರೋವಿಯದ ಮೀನು ಮಾರುಕಟ್ಟೆಯ ಬಯಲಲ್ಲಿ ದಿನಗಟ್ಟಲೆ ಬಿಸಿಲು ಮಳೆಯಲ್ಲಿ ಕೂತರು. ಅವರನ್ನು ಮುನ್ನಡೆಸಿದ ಲೇಮಾ ಬೋವಿಗೆ 2011ರಲ್ಲಿ ನೊಬೆಲ್ ಬಂತು. ಓಲ್ಡ್ ಪಾನ ಹೆಂಡತಿ ಓಲ್ಡ್ ಮಾ ಆ ಬಯಲಲ್ಲಿ ಕೂತವರಲ್ಲಿ ಒಬ್ಬಳು. ಅವಳಿಗೇನೂ ಬಂದಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಮಾರಿಕೊಂಡು, ವಾರಕ್ಕಿಷ್ಟು ಎಂದು 'ಸುಸು' ಕಟ್ಟುತ್ತಿದ್ದಳು. ನಮ್ಮ ಹೆಂಗಸರ ಚೀಟಿಯಂಥದೇ ಅದು.

ಒಂದು ಭಾನುವಾರ ಅವಳು ಡಂಬಾಯ್ ಬಡಿಸಿದಳು. ಬೆಂದ ಮರಗೆಣಸನ್ನು ಒರಳಲ್ಲಿ ಹಾಕಿ ಒನಕೆಯಿಂದ ಕುಟ್ಟಿ ಕುಟ್ಟಿ ಮಾಡಿದ ಉಂಡೆ. ಮೇಲೆ ಖಾರದ ಸಾರು. ಹೊರಗಿನವರು ಅದನ್ನು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಂಡು ಒದ್ದಾಡುತ್ತಾರಂತೆ. ಅದನ್ನು ನೋಡಿ ನಗಬೇಕೆಂದು ಅಕ್ಕಪಕ್ಕದ ಮಕ್ಕಳೆಲ್ಲ ಬಂದು ನಿಂತಿದ್ದವು. ನಾನು ಮುರಿದೆ, ಸಾರಲ್ಲಿ ಅದ್ದಿದೆ, ನುಂಗಿದೆ. ಮುದ್ದೆ ನುಂಗಿ ಬೆಳೆದ ಗಂಟಲು ಇದು! ಓಲ್ಡ್ ಮಾ ಎದ್ದು ಬಂದು ನನ್ನ ತಲೆ ಹಿಡಿದು, 'ಇವನು ಕಂಟ್ರಿಯವನು ಕಣ್ರೋ!' ಎಂದು ಕೂಗಿದಳು. ಬಯ್ಗುಳವಾಗಿದ್ದ ಆ ಪದ ಅವಳ ಬಾಯಲ್ಲಿ ನೆಂಟಸ್ತಿಕೆಯಾಗಿತ್ತು. ನಾನು ಯಾವ ಕೇರಿಯವನು, ನಮ್ಮಪ್ಪ ಏನು ಮಾಡುತ್ತಿದ್ದ ಎಂಬುದನ್ನು ಆ ದೇಶದಲ್ಲಿ ಬಾಯಿಬಿಟ್ಟು ಹೇಳಿದ್ದು ಆ ಮನೆಯಲ್ಲಿ ಮಾತ್ರ.

ಅದೇ ಮನೆಯಲ್ಲಿ ವಾಯ್ ಜನರ ಲಿಪಿಯನ್ನೂ ಕಂಡೆ. ಪಕ್ಕದ ಮನೆಯ ವಾಯ್ ಮುದುಕ ಸಾಲದ ಲೆಕ್ಕವನ್ನು ಅದರಲ್ಲಿ ಬರೆಯುತ್ತಿದ್ದ. 1830ರ ದಶಕದಲ್ಲಿ ದುವಾಲು ಬುಕೆಲೆ ಎಂಬವನು ಕಟ್ಟಿದ ಲಿಪಿ. ನಮ್ಮ ಕಾಗುಣಿತದ ಹಾಗೆ ಕ, ಕಿ, ಕು ಎಂಬ ಒಂದೊಂದು ಉಚ್ಚಾರಕ್ಕೂ ಒಂದೊಂದು ಗುರುತು, ಒಟ್ಟು ಇನ್ನೂರಕ್ಕೂ ಹೆಚ್ಚು. ಕಂಟ್ರಿ ಜನಕ್ಕೆ ಅಕ್ಷರವಿಲ್ಲ ಎಂದು ಹೀಗಳೆದವರ ಕಣ್ಣೆದುರೇ ಅವರು ತಮ್ಮ ಅಕ್ಷರ ತಾವೇ ಮಾಡಿಕೊಂಡಿದ್ದರು. ಹಾಗೆಂದು ಅಲ್ಲಿಯ ಹಳೆಯದನ್ನೆಲ್ಲ ಹೊಗಳಲಾರೆ. ಹೆಣ್ಣುಮಕ್ಕಳ ಸಾಂಡೆ ಎಂಬ ಕಾಡಿನ ಶಾಲೆಯಲ್ಲಿ ಹಾಡು ಕುಣಿತ ಮದ್ದು ಬೇರು ಎಲ್ಲ ಕಲಿಸುತ್ತಾರೆ. ಅಲ್ಲೇ ಅವರ ಅಂಗವನ್ನೂ ಕೊಯ್ಯುತ್ತಾರೆ. ಅದರ ವಿರುದ್ಧ ಅಲ್ಲಿಯ ಹೆಂಗಸರೇ ದನಿ ಎತ್ತಿದ್ದಾರೆ.

2014 ಬಂತು, ಎಬೊಲ ಬಂತು. ಮುಟ್ಟಿದರೆ ಅಂಟುವ ರೋಗ. ಪ್ರತಿ ಬಾಗಿಲಿಗೂ ಕ್ಲೋರಿನ್ ನೀರಿನ ಬಕೆಟ್ಟು. ಕೈ ಕುಲುಕುವುದು ನಿಂತಿತು, ಚಿಟಿಕೆಯ ಸದ್ದು ನಿಂತಿತು. ಓಲ್ಡ್ ಪಾ ಸಂಜೆ ಬಂದು ದೂರದಲ್ಲೇ ನಿಂತು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದ. ಆಗಸ್ಟಿನಲ್ಲಿ ವೆಸ್ಟ್ ಪಾಯಿಂಟ್ ಎಂಬ ಬಡವರ ಕೇರಿಯನ್ನು ಸೈನಿಕರು ಮುಳ್ಳುತಂತಿ ಹಾಕಿ ಮುಚ್ಚಿದರು. ಗುಂಡೇಟಿಗೆ ಒಬ್ಬ ಹುಡುಗ ಸತ್ತ. ಆ ದೇಶದಲ್ಲಿ ಒಟ್ಟು 4,800ಕ್ಕೂ ಹೆಚ್ಚು ಜನ ಸತ್ತರು.

ಲೈಬೀರಿಯದವರು ಹೆಣವನ್ನು ತೊಳೆದು, ತಬ್ಬಿ, ಅತ್ತು ಹೂಳುವ ಜನ. ಮಾರ್ಚಿ ತಿಂಗಳ ಎರಡನೆಯ ಬುಧವಾರ ಡೆಕೊರೇಶನ್ ಡೇ. ಅವತ್ತು ಊರೆಲ್ಲ ಸ್ಮಶಾನಕ್ಕೆ ಹೋಗಿ ಸತ್ತವರ ಗೋರಿಯ ಕಳೆ ಕಿತ್ತು ಸುಣ್ಣ ಬಳಿಯುತ್ತಾರೆ. ಅಂಥವರಿಗೆ ಸರ್ಕಾರ ಮನ್ರೋವಿಯದ ಹೆಣಗಳನ್ನೆಲ್ಲ ಸುಡಬೇಕು ಎಂದು ಆಜ್ಞೆ ಮಾಡಿತು. ಸುಡಲು ಜಾಗ ಎಲ್ಲಿದೆ? ಅಲ್ಲಿ ನೆಲೆಸಿದ್ದ ಭಾರತೀಯರು ತಮ್ಮವರ ಹೆಣ ಸುಡಲೆಂದು ಬಾಯ್ಸ್ ಟೌನ್ ಎಂಬಲ್ಲಿ ಕಟ್ಟಿಕೊಂಡಿದ್ದ ಒಂದು ಚಿತಾಗಾರವಿತ್ತು. ಆಗಸ್ಟಿನಿಂದ ಡಿಸೆಂಬರ್ ಕೊನೆಯವರೆಗೆ ಅಲ್ಲೇ ಸುಟ್ಟರು, ಸುಮಾರು 2,000 ಹೆಣ. ಸುಟ್ಟವರು ಕೆಲಸ ಹುಡುಕಿಕೊಂಡು ಬಂದ ಬಡ ಹುಡುಗರು. ಅವರು ಸುಡದಿದ್ದರೆ ರೋಗ ಇನ್ನೆಷ್ಟು ಮನೆ ಹೊಕ್ಕುತ್ತಿತ್ತೋ! ಕೆಲಸ ಮುಗಿದ ಮೇಲೆ ಏನಾಯಿತು? ಮನೆಯವರು ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಜೊತೆಗಾರರು ದೂರ ಸರಿದರು. ಜಾತಿ ಎಂಬ ಪದವೇ ಇಲ್ಲದ ನಾಡಿನಲ್ಲಿ ನನ್ನ ಕಣ್ಣೆದುರಿಗೇ, ನಾಲ್ಕೈದು ತಿಂಗಳೊಳಗೆ, ಒಂದು ಅಸ್ಪೃಶ್ಯ ಗುಂಪು ತಯಾರಾಯಿತು. ಇದು ಹೇಗೆ ಹುಟ್ಟುತ್ತದೆ ಎಂದು ನಾನು ಪುಸ್ತಕಗಳಲ್ಲಿ ಹುಡುಕಿದ್ದೆ. ಹೀಗೆ ಹುಟ್ಟುತ್ತದೆ. ಎಲ್ಲರಿಗೂ ಬೇಕಾದ, ಯಾರೂ ಮಾಡಲೊಲ್ಲದ ಕೆಲಸವನ್ನು ಕೈಲಾಗದವನ ತಲೆಗೆ ಕಟ್ಟು, ಆಮೇಲೆ ಅದೇ ಕೆಲಸದ ನೆಪದಿಂದ ಅವನನ್ನು ದೂರವಿಡು. ಅಲ್ಲಿ ಅದಕ್ಕೆ ಶಾಸ್ತ್ರ ಬರೆದವರಿರಲಿಲ್ಲ. ನಮ್ಮಲ್ಲಿ ಬರೆದರು. ಅದಕ್ಕೇ ನಮ್ಮದು ಸಾವಿರಾರು ವರ್ಷ ಬಾಳಿತು.

2015ರ ಮೇ 9ರಂದು ಲೈಬೀರಿಯದಲ್ಲಿ ಎಬೊಲ ಮುಗಿಯಿತೆಂದು ಸಾರಿದರು. ಆಮೇಲೂ ಒಂದೆರಡು ಸಲ ತಲೆ ಎತ್ತಿತಾದರೂ ಆ ಮೇ ತಿಂಗಳಲ್ಲಿ ಜನ ಮೆಲ್ಲಗೆ ಮತ್ತೆ ಕೈ ಹಿಡಿಯತೊಡಗಿದ್ದರು. ಒಂದು ದಿನ ಅಂಗಡಿಗೆ ಒಬ್ಬ ತರುಣ ಮೊಳೆ, ಬೀಗ ಕೊಳ್ಳಲು ಬಂದ. ಓಲ್ಡ್ ಪಾ ನನ್ನ ಕಿವಿಯಲ್ಲಿ, 'ಬಾಯ್ಸ್ ಟೌನಿನಲ್ಲಿ ಸುಟ್ಟವರಲ್ಲಿ ಒಬ್ಬ' ಅಂದು, ಹೋಗಿ ಅವನ ಕೈ ಹಿಡಿದು ಟಕ್ಕನೆ ಚಿಟಿಕೆ ಹೊಡೆದ. ತರುಣ ಅದೇ ಕೈಯನ್ನು ನನ್ನತ್ತ ಚಾಚಿದ. ನಾನು ಲೆಕ್ಕದ ಪುಸ್ತಕ ನೋಡುವವನಂತೆ ತಲೆ ತಗ್ಗಿಸಿದೆ. ಉಳಿದ ಚಿಲ್ಲರೆಯನ್ನು ಹಲಗೆಯ ಅಂಚಿಗಿಟ್ಟು ಹಿಂದೆ ಸರಿದೆ. ಅವನು ಮುಂದೆ ಬಂದು ಎತ್ತಿಕೊಂಡು ಹೋದ. ಓಲ್ಡ್ ಪಾ ಏನೂ ಅನ್ನಲಿಲ್ಲ. ನಮ್ಮಪ್ಪನ ವಿಷಯ ಅವನಿಗೆ ಗೊತ್ತಿತ್ತು.

2016ರಲ್ಲಿ ನಾನು ಊರಿಗೆ ವಾಪಸಾದೆ. ಓಲ್ಡ್ ಪಾನ ಮಗಳು ಅಮೆರಿಕದ ಮಿನ್ನೆಸೋಟದಲ್ಲಿ ಮುದುಕರ ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಕಾಳಗದ ಕಾಲದಲ್ಲಿ ಓಡಿಹೋದವಳು. ಈಗಲೂ ಆಗೀಗ ಫೋನಿನಲ್ಲಿ ಮಾತಾಡಿಸುತ್ತಾಳೆ. ಅಂಥವರು ಅಲ್ಲಿ ಬಹಳ ಮಂದಿ. ಮಿನ್ನೆಸೋಟದ ಬ್ರೂಕ್ಲಿನ್ ಪಾರ್ಕ್, ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್, ಫಿಲಡೆಲ್ಫಿಯ ಹೀಗೆ ಕೇರಿ ಕೇರಿಯಾಗಿ ಇದ್ದಾರೆ. ಅಲ್ಲೂ ಗೆಣಸಿನ ಸೊಪ್ಪು, ಒಣಮೀನು ಹುಡುಕಿ ತರುತ್ತಾರೆ. ಅಲ್ಲೂ ಅನ್ನ ಉಣ್ಣದಿದ್ದರೆ ಉಂಡ ಲೆಕ್ಕವಲ್ಲ. ಇವರಲ್ಲಿ ಹಲವರಿಗೆ ಇರಲು ಸಿಕ್ಕಿದ್ದ ಅಪ್ಪಣೆ ಮತ್ತೆ ಮತ್ತೆ ಸರ್ಕಾರದ ರುಜುವಿಗೆ ಕಾಯಬೇಕಿತ್ತು. 2019ರ ಡಿಸೆಂಬರಿನಲ್ಲಿ ಕಾನೂನು ಬಂದ ಮೇಲೆ ಕಾಯಂ ನೆಲೆಗೆ ದಾರಿಯಾಯಿತು. ಇತ್ತ ಲೈಬೀರಿಯ ತಾನೂ 2022ರಲ್ಲಷ್ಟೇ ಇಮ್ಮಡಿ ಪೌರತ್ವವನ್ನು ಒಪ್ಪಿತು. 'ನಮ್ಮಜ್ಜನ ಧಣಿಗಳ ಅಜ್ಜಂದಿರು ಈ ದೇಶ ಬಿಟ್ಟು ಅಲ್ಲಿಗೆ ಹೋದರು, ನಾವು ಅಲ್ಲಿಂದ ಇಲ್ಲಿಗೆ ಬಂದೆವು. ಇಲ್ಲಿ ಕಾಂಗೊ ಕಂಟ್ರಿ ಯಾರಿಗೆ ಗೊತ್ತು ಅಣ್ಣ, ಇಬ್ಬರೂ ಕರಿಯರೇ' ಎಂದು ನಗುತ್ತಾಳೆ. ಎಬೊಲದ ವರ್ಷ, ಲೈಬೀರಿಯದವಳೆಂದು ಗೊತ್ತಾದ ಮೇಲೆ, ಊಟದ ಹೊತ್ತಿನಲ್ಲಿ ಜೊತೆಯವರು ಅವಳ ಮೇಜಿನಿಂದ ಎದ್ದು ಹೋಗುತ್ತಿದ್ದರಂತೆ. ಅದನ್ನು ಹೇಳುವಾಗ ನಗಲಿಲ್ಲ.

ಊರಿಗೆ ಬಂದ ದಿನ ರಾತ್ರಿ ಅಪ್ಪನ ಕೈ ಹಿಡಿದು ಆ ಚಿಟಿಕೆ ತೋರಿಸಿದೆ. ಗುದ್ದಲಿ ಹಿಡಿದು ಸೆಡೆತ ಬೆರಳು, ಸದ್ದು ಬರಲಿಲ್ಲ. 'ಇದೇನ್ಲಾ ಮಗ ಹಿಂಗೆ' ಎಂದು ನಕ್ಕ. ಆ ದೇಶದ ಕಥೆಯನ್ನೆಲ್ಲ ಕೇಳಿದ. ಹೆಣ ಸುಟ್ಟ ಹುಡುಗರ ವಿಷಯ ಬಂದಾಗ ಬೀಡಿ ಕೆಳಗಿಟ್ಟ.

'ಆ ಹೈಕಳನ್ನ ಯಾರಾದ್ರೂ ಕೈ ಹಿಡ್ದು ಮಾತಾಡ್ಸಿದ್ರಾ?' ಅಂದ.

'ಒಬ್ಬ ಮುದುಕ ಮಾತಾಡ್ಸಿದ' ಅಂದೆ.

'ನೀನು?'

ನಾನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, 'ಉಣ್ಣೇಳು, ಹಿಟ್ಟು ಆರೋಯ್ತದೆ' ಅಂದ.